ಬದು ಹಾಕುವವರು ಒಬ್ಬರು, ಲಾಭ ಪಡೆಯುವವರು ಇನ್ನೊಬ್ಬರು: ಮಣ್ಣು-ನೀರು ಸಂರಕ್ಷಣೆಯ ಲೆಕ್ಕ ಹಾಕುವುದು ಹೇಗೆ?

ಇಳಿಜಾರು:

ಎಲ್ಲರಿಗೂ ನಮಸ್ಕಾರ. ರೈತರ ಗುಂಪೊಂದಕ್ಕೆ ಜಲಾನಯನ ಯೋಜನೆಯ ವರದಿ ಸಿದ್ಧಪಡಿಸುತ್ತಿದ್ದೇನೆ. ಖರ್ಚಿನ ಭಾಗ ತೊಂದರೆ ಕೊಟ್ಟಿಲ್ಲ. ಬದುವಿಗೆ ಎಷ್ಟು ಘನ ಮೀಟರ್ ಮಣ್ಣು, ತಡೆ ಅಣೆಗೆ ಎಷ್ಟು ಕಲ್ಲು, ಎಷ್ಟು ಆಳು ಬೇಕು, ಎಲ್ಲವೂ ಅಳತೆಗೆ ಸಿಗುತ್ತದೆ. ಲಾಭದ ಭಾಗಕ್ಕೆ ಬಂದಾಗ ಕೈ ನಿಂತಿದೆ. ನಮೂನೆಯಲ್ಲಿ ‘ಉಳಿದ ಮಣ್ಣಿನ ಮೌಲ್ಯ’ ಅನ್ನುವ ಕಾಲಂ ಒಂದಿದೆ. ಕೊಚ್ಚಿಹೋಗುವ ಮಣ್ಣಿನಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟಿದೆ ನೋಡಿ, ಗೊಬ್ಬರದ ಬೆಲೆಯಿಂದ ಗುಣಿಸಿ ಅಂತ ಒಬ್ಬರು ಹೇಳುತ್ತಾರೆ. ಇಳುವರಿ ಎಷ್ಟು ಇಳಿಯುತ್ತದೋ ಅಷ್ಟನ್ನೇ ಬರೆಯಿರಿ ಅಂತ ಇನ್ನೊಬ್ಬರು. ಎರಡೂ ಮಾಡಿ ನೋಡಿದೆ. ಒಂದಕ್ಕೊಂದು ಹತ್ತಿರಕ್ಕೂ ಬರುತ್ತಿಲ್ಲ.

ಅದಕ್ಕಿಂತ ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ಕಾಗದದ ಮೇಲೆ ಇಷ್ಟು ಲಾಭ ಕಾಣುವ ಕೆಲಸವನ್ನು ರೈತರು ಸ್ವಂತ ದುಡ್ಡಿನಲ್ಲಿ ಯಾಕೆ ಮಾಡುತ್ತಿಲ್ಲ? ‘ಅರಿವಿಲ್ಲ’ ಅನ್ನುವ ಉತ್ತರವನ್ನು ನಾನು ಒಪ್ಪಲಾರೆ. ತಮ್ಮ ಹೊಲದ ಮಣ್ಣು ಎಲ್ಲಿಂದ ಎಲ್ಲಿಗೆ ಹರಿದು ಹೋಗುತ್ತದೆ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ.

ಲೆಕ್ಕಿಗ:

ಎರಡು ವಿಧಾನಗಳು ಬೇರೆ ಬೇರೆ ಉತ್ತರ ಕೊಡುವುದಕ್ಕೆ ಕಾರಣವಿದೆ. ಎರಡೂ ಅಳೆಯುತ್ತಿರುವುದು ಬೇರೆ ಬೇರೆ ಸಂಗತಿಯನ್ನು.

ಮೊದಲು ಗೊಬ್ಬರದ ಲೆಕ್ಕ. ಒಂದು ಹೆಕ್ಟೇರಿನಿಂದ ಒಂದು ಮಿಲಿಮೀಟರ್ ಮಣ್ಣು ಹೋದರೆ 10 ಘನ ಮೀಟರ್, ತೂಕದಲ್ಲಿ ಸುಮಾರು 13 ಟನ್. ಕಣ್ಣಿಗೆ ಕಾಣದಷ್ಟು ತೆಳುವಾದ ಪದರವದು. ಮಳೆ ಎತ್ತಿಕೊಂಡು ಹೋಗುವುದು ಮೊದಲು ನಯವಾದ ಕಣ ಮತ್ತು ಸಾವಯವ ಅಂಶವನ್ನು, ಆದ್ದರಿಂದ ಹರಿದುಹೋದ ಮಣ್ಣು ಹೊಲದಲ್ಲಿ ಉಳಿದ ಮಣ್ಣಿಗಿಂತ ಹೆಚ್ಚು ಸತ್ವವುಳ್ಳದ್ದು. ಇಷ್ಟರ ಮಟ್ಟಿಗೆ ಆ ವಿಧಾನ ಸರಿ. ಆದರೆ ಮಣ್ಣಿನಲ್ಲಿರುವ ಒಟ್ಟು ಪೋಷಕಾಂಶಕ್ಕೂ ಬೆಳೆಗೆ ಆ ವರ್ಷ ದಕ್ಕುವ ಪೋಷಕಾಂಶಕ್ಕೂ ಬಹಳ ಅಂತರವಿದೆ. ಒಟ್ಟನ್ನು ಹಿಡಿದು ಅಂಗಡಿಯ ಗೊಬ್ಬರದ ಬೆಲೆ ಕಟ್ಟಿದರೆ ನಷ್ಟ ಹಿಗ್ಗಿ ಕಾಣುತ್ತದೆ. ಮೇಲಿನ ಹೊಲದಿಂದ ಹೋದ ಮಣ್ಣು ಕೆಳಗಿನ ಹೊಲದಲ್ಲಿ ನಿಂತರೆ, ಜಲಾನಯನದ ಮಟ್ಟದಲ್ಲಿ ಅದು ಪೂರ್ತಿ ನಷ್ಟವೂ ಅಲ್ಲ. ಇನ್ನೊಂದು ಬದಿಯಲ್ಲಿ ಇದೇ ವಿಧಾನ ನಷ್ಟವನ್ನು ಕುಗ್ಗಿಸಿಯೂ ತೋರಿಸುತ್ತದೆ. ಗೊಬ್ಬರದ ಚೀಲ ಸಾರಜನಕ ಕೊಟ್ಟೀತು, ಕಳೆದುಹೋದ ಮಣ್ಣಿನ ಆಳವನ್ನು ಕೊಡಲಾರದು.

ಇಂಥ ವಿಧಾನಗಳ ನಡುವಿನ ಅಂತರ ಎಷ್ಟು ದೊಡ್ಡದಾಗಬಹುದು ಅನ್ನುವುದಕ್ಕೆ 1995ರ ವಾದವೊಂದು ಸಾಕ್ಷಿ. ಅಮೆರಿಕದಲ್ಲಿ ಮಣ್ಣಿನ ಸವಕಳಿಯಿಂದ ವರ್ಷಕ್ಕೆ 4,400 ಕೋಟಿ ಡಾಲರ್ ನಷ್ಟ ಎಂದು ಪರಿಸರ ವಿಜ್ಞಾನಿ ಡೇವಿಡ್ ಪಿಮೆಂಟೆಲ್ ಮತ್ತು ಸಂಗಡಿಗರು ಅಂದಾಜು ಮಾಡಿದರು. ಕೃಷಿ ಅರ್ಥಶಾಸ್ತ್ರಜ್ಞ ಪಿಯರ್ ಕ್ರಾಸನ್ ಅದು ತೀರಾ ಹೆಚ್ಚಾಯಿತು, ಇಳುವರಿಯ ನಷ್ಟ ಅದರ ಒಂದು ಸಣ್ಣ ಪಾಲು ಮಾತ್ರ ಎಂದು ವಾದಿಸಿದರು. ಇಬ್ಬರೂ ಈ ವಿಷಯ ಬಲ್ಲವರೇ.

ನೀವು ಇಳುವರಿಯ ವಿಧಾನ ಹಿಡಿಯಿರಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ‘ಯೋಜನೆಗೆ ಮುಂಚೆ, ಯೋಜನೆಯ ನಂತರ’ ಅಂತ ಹೋಲಿಸಬೇಡಿ. ಹೊಸ ತಳಿ, ಹೆಚ್ಚಿನ ಗೊಬ್ಬರ, ಒಳ್ಳೆಯ ಮಳೆ ಇವೆಲ್ಲ ಬದುವಿನ ಖಾತೆಗೆ ಜಮೆಯಾಗಿಬಿಡುತ್ತವೆ. ಅದೇ ವರ್ಷ, ಅದೇ ಮಣ್ಣು, ಬದು ಇರುವ ಹೊಲ ಮತ್ತು ಇಲ್ಲದ ಹೊಲ, ಹೀಗೆ ಹೋಲಿಸಿ.

ಮಸಾರಿ ಹೊಲ:

ಲೆಕ್ಕಿಗರು ಆಳದ ಮಾತು ಎತ್ತಿದ್ದು ಒಳ್ಳೆಯದಾಯಿತು. ನಮ್ಮಂಥ ತೆಳು ಮಣ್ಣಿನವರ ಕಷ್ಟ ಸರಾಸರಿ ಅಂಕಿಯಲ್ಲಿ ಕಾಣೆಯಾಗುತ್ತದೆ.

ಸಾಧಾರಣ ಗೋಡು ಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 150 ಮಿಲಿಮೀಟರ್ ನೀರನ್ನು ಬೆಳೆಗೆ ಒದಗುವ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ 10 ಸೆಂಟಿಮೀಟರಿಗೆ 15 ಮಿಲಿಮೀಟರ್. ತುಂಬಿ ಬೆಳೆದ ಪೈರಿಗೆ ದಿನಕ್ಕೆ 4-5 ಮಿಲಿಮೀಟರ್ ಬೇಕು. ಎರಡು ಮೀಟರ್ ಆಳದ ಎರೆ ಹೊಲದಲ್ಲಿ 10 ಸೆಂಟಿಮೀಟರ್ ಹೋದರೆ ಇಪ್ಪತ್ತರಲ್ಲಿ ಒಂದು ಪಾಲು ಹೋಯಿತು, ರೈತನಿಗೆ ಅದು ಗೊತ್ತೂ ಆಗುವುದಿಲ್ಲ. ಮೊಣಕೈ ಉದ್ದಕ್ಕೂ ಕಡಿಮೆ, 30 ಸೆಂಟಿಮೀಟರ್ ಮಣ್ಣಿನ ಕೆಳಗೆ ಕಲ್ಲಿರುವ ಮಸಾರಿ ಹೊಲದಲ್ಲಿ ಅದೇ 10 ಸೆಂಟಿಮೀಟರ್ ಹೋದರೆ ಮೂರರಲ್ಲಿ ಒಂದು ಪಾಲು ನೀರು ಹೋಯಿತು. ಮಳೆ ಹತ್ತು ದಿನ ಕೈಕೊಟ್ಟರೆ ತಡೆದುಕೊಳ್ಳುತ್ತಿದ್ದ ಪೈರು ಏಳನೇ ದಿನಕ್ಕೇ ಬಾಡುತ್ತದೆ. ತೆನೆ ಕಟ್ಟುವ ಹೊತ್ತಿನಲ್ಲಿ ಆ ಮೂರು ದಿನದ ಬೆಲೆ ಎಷ್ಟು ಅಂತ ನಮ್ಮನ್ನು ಕೇಳಿ.

ಹಾಗಾಗಿ ‘ಉಳಿದ ಮಣ್ಣಿನ ಮೌಲ್ಯ’ ಅನ್ನುವ ಕಾಲಂಗಿಂತ ‘ಉಳಿದ ತೇವದ ಮೌಲ್ಯ’ ಅನ್ನುವ ಕಾಲಂ ಬೇಕು. ಹತ್ತು ಮಿಲಿಮೀಟರ್ ಮಳೆ ಹೊಲದಲ್ಲೇ ಇಂಗಿದರೆ ಹೆಕ್ಟೇರಿಗೆ ಒಂದು ಲಕ್ಷ ಲೀಟರ್ ನೀರು. ಮಣ್ಣು ಉಳಿದ ಲಾಭ ಮಕ್ಕಳ ಕಾಲಕ್ಕೆ ಕಾಣುತ್ತದೆ, ತೇವ ಉಳಿದ ಲಾಭ ಇದೇ ಹಂಗಾಮಿಗೆ ಕಾಣುತ್ತದೆ. ರೈತ ಯಾವುದಾದರೂ ಕಾರಣಕ್ಕೆ ಸ್ವಂತ ದುಡ್ಡು ಹಾಕುತ್ತಾನೆ ಅಂದರೆ ಅದು ಎರಡನೆಯದಕ್ಕೆ.

ಇನ್ನೊಂದು ಮಾತು. ಬದು ತಿನ್ನುವ ಜಾಗವನ್ನು ಯಾರೂ ಬರೆಯುವುದಿಲ್ಲ. ನೂರು ಮೀಟರಿಗೆ ಐದು ಮೀಟರ್ ಇಳಿಯುವ ಹೊಲದಲ್ಲಿ, ಒಂದು ಮೀಟರ್ ಇಳಿತಕ್ಕೊಂದು ಬದು ಅಂದರೆ 20 ಮೀಟರಿಗೊಂದು ಬದು. ಬದುವಿನ ಬುಡ 1.6 ಮೀಟರ್ ಅಗಲ ಇಟ್ಟರೆ ಹೊಲದ ಶೇ. 8 ಅದಕ್ಕೇ ಹೋಯಿತು. ಉಳಿದ ಜಾಗದಲ್ಲಿ ಇಳುವರಿ ಶೇ. 8.7 ಹೆಚ್ಚಿದರೆ ಮಾತ್ರ ಮೊದಲಿನಷ್ಟು ಕಾಳು ಮನೆಗೆ ಬರುತ್ತದೆ. ಕೂಲಿಯ ಖರ್ಚು ಅದರ ಮೇಲೆ. ಬದುವಿನ ಮೇಲೆ ಮೇವಿನ ಹುಲ್ಲನ್ನೋ ಲಾವಂಚವನ್ನೋ ತೊಗರಿಯನ್ನೋ ಹಾಕಿದರೆ ಆ ಶೇ. 8ರಲ್ಲಿ ಒಂದಿಷ್ಟು ವಾಪಸ್ ಬರುತ್ತದೆ. ದನ ಸಾಕಿದವರು ಬದು ಉಳಿಸಿಕೊಳ್ಳುವುದನ್ನೂ ದನ ಇಲ್ಲದವರು ಉತ್ತು ಕೆಡವುವುದನ್ನೂ ನಾನು ನೋಡಿದ್ದೇನೆ.

ಎರೆ ಭೂಮಿ:

ಎರೆ ಹೊಲಕ್ಕೆ ಏನೂ ಆಗುವುದಿಲ್ಲ ಅನ್ನುವ ಹಾಗೆ ಓದಿಕೊಳ್ಳಬೇಡಿ ದಯವಿಟ್ಟು. ನಮ್ಮಲ್ಲಿ ಕೊರಕಲು ಬಿದ್ದರೆ ಒಂದೇ ಮಳೆಗೆ ಹೊಲ ಎರಡು ಹೋಳು. ಸಮಪಾತಳಿ ಬದು (ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಹಾಕುವ ಬದು) ಆಳವಾದ ಎರೆ ಮಣ್ಣಿಗೆ ಬಹಳ ಕಡೆ ಒಗ್ಗಲಿಲ್ಲ ಅನ್ನುವುದನ್ನೂ ವರದಿಯಲ್ಲಿ ಸೇರಿಸಿ. ನೀರು ಇಂಗುವುದು ನಿಧಾನ, ಬದುವಿನ ಹಿಂದೆ ನಿಂತು ಬೆಳೆ ಕೊಳೆಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟ ಬದು ಮಳೆಗೆ ಒಡೆಯುತ್ತದೆ. ಹೈದರಾಬಾದ್ ಹತ್ತಿರದ ಪಟಾಣ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿಯೇ ಅಗಲ ಮಡಿ ಮತ್ತು ಸಾಲು ಪದ್ಧತಿಯನ್ನು ಬೆಳೆಸಿತು. ನೀರನ್ನು ಕಟ್ಟಿಹಾಕದೆ ನಿಧಾನವಾಗಿ ಸಾಗಹಾಕುವ ಉಪಾಯ ಅದು. ಒಂದೇ ನಕ್ಷೆ ಎಲ್ಲ ಮಣ್ಣಿಗೂ ಹಾಕಿದರೆ ಲಾಭದ ಕಾಲಂನಲ್ಲಿ ಏನು ಬರೆದರೂ ಸುಳ್ಳೇ.

ಲೆಕ್ಕಿಗ:

ಇಳಿಜಾರು ಅವರ ಎರಡನೇ ಪ್ರಶ್ನೆಗೆ ಮಸಾರಿ ಹೊಲ ಅವರು ಅರ್ಧ ಉತ್ತರ ಕೊಟ್ಟಿದ್ದಾರೆ. ಉಳಿದ ಅರ್ಧ ಬಡ್ಡಿಯಲ್ಲಿದೆ.

ಇವತ್ತು 100 ಖರ್ಚು, ಮುಂದಿನ 20 ವರ್ಷ ಪ್ರತಿ ವರ್ಷ 15 ಲಾಭ ಅಂದುಕೊಳ್ಳಿ. ಬಡ್ಡಿ ಕಳೆದು ಇವತ್ತಿನ ಬೆಲೆಗೆ ತಂದರೆ, ಶೇ. 5ರ ದರದಲ್ಲಿ ಆ ಲಾಭ 187. ಶೇ. 12ರಲ್ಲಿ 112. ಕೈಸಾಲದವರು ಕೇಳುವ ಶೇ. 24ರಲ್ಲಿ 62. ಸರ್ಕಾರ ಮೊದಲನೆಯದನ್ನು ನೋಡಿ ‘ಒಳ್ಳೆಯ ಯೋಜನೆ’ ಅನ್ನುತ್ತದೆ. ಬ್ಯಾಂಕು ಎರಡನೆಯದನ್ನು ನೋಡಿ ‘ಪರವಾಗಿಲ್ಲ’ ಅನ್ನುತ್ತದೆ. ರೈತ ಮೂರನೆಯದನ್ನು ನೋಡಿ ಬೇಡ ಅನ್ನುತ್ತಾನೆ. ಮೂವರ ಲೆಕ್ಕವೂ ಸರಿಯಾಗಿದೆ. ಈಗ ಮೊದಲ ಮೂರು ವರ್ಷ ಏನೂ ಬಾರದೆ ನಾಲ್ಕನೇ ವರ್ಷದಿಂದ ಲಾಭ ಶುರುವಾಗುತ್ತದೆ ಅಂದುಕೊಳ್ಳಿ. ಮೂರೂ ಅಂಕಿಗಳು 146, 76, 32ಕ್ಕೆ ಇಳಿಯುತ್ತವೆ. ಬ್ಯಾಂಕಿನ ಸಾಲದಲ್ಲೂ ಈಗ ನಷ್ಟ. ಹೀಗಾಗಿ ಮೊದಲ ವರ್ಷವೇ ಅಷ್ಟಿಷ್ಟು ಕೊಡುವ ಕೆಲಸ (ಇಳಿಜಾರಿಗೆ ಅಡ್ಡ ಉಳುಮೆ, ಹುಲ್ಲಿನ ಸಾಲು, ಹೊದಿಕೆ) ದೊಡ್ಡ ಕಟ್ಟಡಗಳಿಗಿಂತ ಸುಲಭವಾಗಿ ಹಬ್ಬುತ್ತದೆ. ಹೊದಿಕೆಗೂ ಬೆಲೆಯಿದೆ ಅನ್ನುವುದು ನೆನಪಿರಲಿ. ಹೊಲದಲ್ಲಿ ಬಿಟ್ಟ ದಂಟು ದನಕ್ಕೆ ಹಾಕಬಹುದಾಗಿದ್ದ ಮೇವು.

1983ರಲ್ಲಿ ಕೆನೆತ್ ಮೆಕಾನೆಲ್ ಅನ್ನುವ ಅರ್ಥಶಾಸ್ತ್ರಜ್ಞ ಒಂದು ಮಾತು ಸ್ಪಷ್ಟಪಡಿಸಿದರು. ಮಣ್ಣಿನ ಆಳ ಎಷ್ಟಿದೆ ಅನ್ನುವುದು ಜಮೀನಿನ ಮಾರಾಟ ಬೆಲೆಯಲ್ಲಿ ಪ್ರತಿಫಲಿಸಿದರೆ, ಮುದುಕನಾದ ರೈತನಿಗೂ ಮಣ್ಣು ಕಾಯುವುದಕ್ಕೆ ಕಾರಣವಿರುತ್ತದೆ. ಕಾಯ್ದ ಮಣ್ಣು ಮಾರುವಾಗ ದುಡ್ಡಾಗುತ್ತದೆ. ಜಮೀನಿನ ಬೆಲೆಯನ್ನು ರಸ್ತೆಯ ಹತ್ತಿರವೋ ದೂರವೋ ಅನ್ನುವುದೇ ನಿರ್ಧರಿಸುವ ಕಡೆ ಈ ಕಾರಣ ಬಿದ್ದುಹೋಗುತ್ತದೆ.

ಗೇಣಿ ಮಾಡುವವಳು:

ಮಾರುವ ಮಾತು ಬಿಡಿ ಸಾರ್, ಮುಂದಿನ ವರ್ಷ ಈ ಹೊಲ ನನ್ನ ಕೈಯಲ್ಲಿರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಾಯಿಮಾತಿನ ಗೇಣಿ, ಒಂದು ವರ್ಷದ್ದು. ನಾನು ಬದು ಹಾಕಿ, ಕೊಟ್ಟಿಗೆ ಗೊಬ್ಬರ ಹೊಡೆದು ಹೊಲ ಹದಕ್ಕೆ ತಂದರೆ ಗೇಣಿ ಏರುತ್ತದೆ, ಇಲ್ಲವೇ ಹೊಲ ಇನ್ನೊಬ್ಬರ ಪಾಲಾಗುತ್ತದೆ. ಗಿಡ ನೆಟ್ಟರಂತೂ ಹೊಲದವರಿಗೆ ಅನುಮಾನವೇ ಬರುತ್ತದೆ, ಹಕ್ಕು ಕೇಳುತ್ತಾಳೇನೋ ಅಂತ. ಅವರ ಭಯಕ್ಕೂ ಕಾರಣವಿದೆ, ಇಲ್ಲ ಅನ್ನುವುದಿಲ್ಲ.

ಯೋಜನೆಯ ಸಭೆಗೆ ಕರೆಯುವುದು ಪಹಣಿಯಲ್ಲಿ ಹೆಸರಿರುವವರನ್ನು. ಉಳುವುದು ನಾವು. ಇಳಿಜಾರು ಅವರೇ, ನಿಮ್ಮ ಗುಂಪಿನ ಎಷ್ಟು ಎಕರೆಯನ್ನು ಅದರ ಒಡೆಯರೇ ಉಳುತ್ತಿದ್ದಾರೆ, ಎಷ್ಟು ಗೇಣಿಗೋ ಕೋರಿಗೋ ಹೋಗಿದೆ ಅನ್ನುವುದನ್ನು ಮೊದಲು ಬರೆದುಕೊಳ್ಳಿ. 20 ವರ್ಷದ ಲೆಕ್ಕ ಒಂದು ವರ್ಷದ ಗೇಣಿಯವಳಿಗೆ ಅನ್ವಯಿಸುವುದಿಲ್ಲ. ಐದು ವರ್ಷದ ಬರಹದ ಗೇಣಿ ಸಿಕ್ಕರೆ ನಾನೇ ಬದು ಹಾಕಿಕೊಳ್ಳುತ್ತೇನೆ, ಯಾರ ಸಹಾಯಧನವೂ ಬೇಡ.

ಇಳಿಜಾರು:

ಅಕ್ಕ, ಇದು ನಮ್ಮ ಸಮೀಕ್ಷೆಯ ನಮೂನೆಯಲ್ಲೇ ಇಲ್ಲ. ಈ ವಾರವೇ ಸೇರಿಸುತ್ತೇನೆ.

ಹೂಳು:

ಜಲಾಶಯಗಳ ಹೂಳಿನ ಸಮೀಕ್ಷೆ ನನ್ನ ಕೆಲಸ. ಇಲ್ಲಿಯವರೆಗಿನ ಮಾತೆಲ್ಲ ಹೊಲದ ಬದುವಿನ ಒಳಗೇ ಇದೆ. ಮಣ್ಣಿನ ನಷ್ಟದ ದೊಡ್ಡ ಭಾಗ ಹೊಲದ ಹೊರಗಿದೆ. ಕೆರೆ, ಕಾಲುವೆ, ಜಲಾಶಯದ ಧಾರಣೆ, ಕುಡಿಯುವ ನೀರಿನ ಶುದ್ಧೀಕರಣ, ಪ್ರವಾಹ. ಅಮೆರಿಕದ ಹಲವು ಅಧ್ಯಯನಗಳಲ್ಲಿ ಹೊಲದ ಹೊರಗಿನ ನಷ್ಟ ಹೊಲದೊಳಗಿನದಕ್ಕಿಂತ ಹೆಚ್ಚೆಂದು ಕಂಡುಬಂದಿದೆ. ಈ ನಷ್ಟ ಮಣ್ಣು ಕಳೆದುಕೊಂಡ ರೈತನ ಲೆಕ್ಕಕ್ಕೆ ಬರುವುದೇ ಇಲ್ಲ. ತನ್ನ ಮೇಲೆ ಬೀಳದ ನಷ್ಟವನ್ನು ತಡೆಯಲು ಅವನೊಬ್ಬನೇ ಖರ್ಚು ಮಾಡಬೇಕು ಅನ್ನುವುದು ನ್ಯಾಯವೂ ಅಲ್ಲ.

ಇದನ್ನು ಸರಿಯಾಗಿ ಬಿಡಿಸಿದ ಉದಾಹರಣೆ ಹರಿಯಾಣದ ಸುಖೋಮಾಜ್ರಿ ಅನ್ನುವ ಹಳ್ಳಿ. ಚಂಡೀಗಢದಲ್ಲಿ 1958ರಲ್ಲಿ ಕಟ್ಟಿದ ಸುಖ್ನಾ ಕೆರೆ ಬೇಗನೆ ಹೂಳು ತುಂಬತೊಡಗಿತು. ನಗರ ಹೂಳೆತ್ತುತ್ತಾ ಹೋಯಿತು, ಹೂಳು ಬರುತ್ತಲೇ ಇತ್ತು. ಅದರ ಮೂಲ ಹುಡುಕಿಕೊಂಡು ಹೋದ ಮಣ್ಣು ಸಂರಕ್ಷಣಾ ವಿಜ್ಞಾನಿ ಪಿ.ಆರ್. ಮಿಶ್ರಾ ಮತ್ತು ಸಂಗಡಿಗರಿಗೆ ಸಿಕ್ಕಿದ್ದು ಶಿವಾಲಿಕ್ ಬೆಟ್ಟದ ಬುಡದ ಬಡ ಹಳ್ಳಿ, ಬೋಳು ಗುಡ್ಡ, ಮೇಯುವ ದನ ಮತ್ತು ಆಡು. ದನ ಬಿಡಬೇಡಿ ಅಂದರೆ ಹಳ್ಳಿಯವರು ಯಾಕೆ ಕೇಳಿಯಾರು? 1976ರಲ್ಲಿ ಅಲ್ಲಿ ಸಣ್ಣ ಮಣ್ಣಿನ ಒಡ್ಡು ಕಟ್ಟಿದರು. ಮಳೆಯ ನೀರು ಬೆಳೆಗೆ ಸಿಕ್ಕಿತು. ಒಡ್ಡಿಗೆ ಹೂಳು ತುಂಬಿದರೆ ತಮ್ಮ ನೀರೇ ಹೋಗುತ್ತದೆ ಅನ್ನುವುದು ಹಳ್ಳಿಯವರಿಗೆ ಆಗ ಸ್ವಂತ ವಿಷಯವಾಯಿತು. ಮೇಲಿನ ಗುಡ್ಡವನ್ನು ಅವರೇ ಕಾಯ್ದರು. ನನಗೆ ಇದರಲ್ಲಿ ಬಹಳ ಮುಖ್ಯ ಅನ್ನಿಸುವುದು ನೀರಿನ ಹಂಚಿಕೆ. ಜಮೀನು ಇರುವವರಿಗೂ ಇಲ್ಲದವರಿಗೂ, ಮನೆಗೊಂದು ಸಮಪಾಲು. ಜಮೀನಿಲ್ಲದವರು ತಮ್ಮ ಪಾಲನ್ನು ಬೇರೆಯವರಿಗೆ ಕೊಟ್ಟು ಪ್ರತಿಫಲ ಪಡೆಯಬಹುದಿತ್ತು. ಗುಡ್ಡದಲ್ಲಿ ಹೆಚ್ಚು ದನ-ಆಡು ಮೇಯಿಸುತ್ತಿದ್ದ ಬಡವರಿಗೆ ನೀರಿನ ಪಾಲು ಇರದಿದ್ದರೆ ಆ ಒಪ್ಪಂದ ಒಂದು ಹಂಗಾಮೂ ಉಳಿಯುತ್ತಿರಲಿಲ್ಲ.

ದೊಡ್ಡ ನಗರವೇ ದುಡ್ಡು ಕೊಟ್ಟ ಉದಾಹರಣೆಯೂ ಇದೆ. ನ್ಯೂಯಾರ್ಕ್ ತನ್ನ ಕುಡಿಯುವ ನೀರಿಗೆ ಶೋಧಕ ಘಟಕ ಕಟ್ಟಬೇಕಾಗಿ ಬಂದಾಗ ಅದರ ಅಂದಾಜು ವೆಚ್ಚ 600 ಕೋಟಿ ಡಾಲರ್ ಆಸುಪಾಸಿನಲ್ಲಿತ್ತು. ಅದರ ಬದಲು 1997ರ ಒಪ್ಪಂದದಂತೆ ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಜಲಾನಯನದ ರೈತರು ಮತ್ತು ಊರುಗಳ ಜೊತೆ ಸೇರಿ, ಅದರ ಒಂದು ಪಾಲಿನ ಖರ್ಚಿನಲ್ಲಿ ನೀರಿನ ಮೂಲವನ್ನೇ ಕಾಯ್ದುಕೊಂಡಿತು. ಅಲ್ಲಿ ಲೆಕ್ಕ ಸುಲಭವಾದದ್ದು ಯಾಕೆಂದರೆ ನೀರು ಕುಡಿಯುವವರು ಒಂದೇ ನಗರದವರು, ಕಟ್ಟದೆ ಉಳಿದ ಘಟಕದ ಬೆಲೆ ಎಲ್ಲರಿಗೂ ಗೊತ್ತಿತ್ತು. ನಮ್ಮ ಬಹುತೇಕ ಹಳ್ಳಗಳಲ್ಲಿ ಕೆಳಗಿನವರು ಚದುರಿಹೋಗಿರುತ್ತಾರೆ.

ಕೆಳಗಿನ ಕೆರೆ:

ಆ ಚದುರಿಹೋದ ಕೆಳಗಿನವರಲ್ಲಿ ನಾನೂ ಒಬ್ಬ. ಹೂಳು ಅವರ ಮಾತಿಗೆ ಇನ್ನೊಂದು ಬದಿ ಇದೆ. ಮೇಲಿನವರು ಹೂಳನ್ನು ಮಾತ್ರ ತಡೆಯುವುದಿಲ್ಲ, ನೀರನ್ನೂ ತಡೆಯುತ್ತಾರೆ. ಹಳ್ಳದ ಉದ್ದಕ್ಕೂ ತಡೆ ಅಣೆ, ಹೊಲಕ್ಕೊಂದು ಹೊಂಡ ಆದ ಮೇಲೆ ನಮ್ಮ ಕೆರೆಗೆ ಕೋಡಿ ಬೀಳುವುದು ಅಪರೂಪವಾಗಿದೆ. ಮೇಲೆ ಅಂತರ್ಜಲ ಏರಿತು ಅಂತ ವರದಿಯಲ್ಲಿ ಲಾಭ ಬರೆದಿದ್ದಾರೆ. ಏರಿದ ನೀರಿಗೆ ಹೊಸ ಕೊಳವೆಬಾವಿ ಬಿದ್ದವು, ಒಣಬೇಸಾಯದ ಜಾಗಕ್ಕೆ ನೀರು ಕುಡಿಯುವ ಬೆಳೆ ಬಂತು. ನೀರು ಉಳಿಯಲಿಲ್ಲ, ಬಳಸುವವರು ಬದಲಾದರು. ನಮ್ಮ ನಷ್ಟ ಯಾವ ಕಾಲಂನಲ್ಲೂ ಇಲ್ಲ.

ಹೂಳು:

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ದೊಡ್ಡ ಮಳೆಯಲ್ಲಿ ಸುಮ್ಮನೆ ಸಮುದ್ರದ ಕಡೆ ಓಡುವ ನೀರು ತಡೆದರೆ ಅದು ನಿಜವಾದ ಉಳಿತಾಯ. ಮಣ್ಣಿನ ಮೇಲ್ಮೈಯಿಂದ ಆವಿಯಾಗುವ ನೀರನ್ನು ಹೊದಿಕೆ ಹಾಕಿ ಉಳಿಸಿದರೆ ಅದೂ ನಿಜವಾದ ಉಳಿತಾಯ, ಯಾರ ಪಾಲನ್ನೂ ಕಿತ್ತುಕೊಂಡದ್ದಲ್ಲ. ಕೆಳಗಿನ ಕೆರೆ ಆಗಲೇ ನೀರಿಗೆ ಪರದಾಡುತ್ತಿರುವಾಗ ಸಾಧಾರಣ ಮಳೆಯ ಹರಿವನ್ನು ಮೇಲೆ ಕಟ್ಟಿಹಾಕುವುದು ಮಾತ್ರ ಹಂಚಿಕೆಯ ಬದಲಾವಣೆ.

ಕೆಳಗಿನ ಕೆರೆ:

‘ಹಂಚಿಕೆಯ ಬದಲಾವಣೆ’ ಅಂತ ನೀವು ಕರೆದದ್ದು ನಮ್ಮಲ್ಲಿ ಒಂದು ಬೆಳೆ ಕಡಿಮೆಯಾದದ್ದು. ಕೆಲಸ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಮೇಲೆ ಎಷ್ಟು ಘನ ಮೀಟರ್ ನೀರು ನಿಲ್ಲಿಸುತ್ತೀರಿ ಅನ್ನುವುದನ್ನು ಮೊದಲೇ ಲೆಕ್ಕ ಮಾಡಿ, ಕೆಳಗಿನವರನ್ನೂ ಕೂರಿಸಿಕೊಂಡು ಮಾತಾಡಿ.

ಲೆಕ್ಕಿಗ:

ಈ ಮಾತು ಜಲಾನಯನದ ಮೌಲ್ಯಮಾಪನಗಳ ಒಂದು ದೊಡ್ಡ ಕೊರತೆಯನ್ನೇ ಮುಟ್ಟುತ್ತದೆ. ಭಾರತದ 311 ಜಲಾನಯನಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರ ಹೊತ್ತಿಗೆ ನಡೆದ ವಿಶ್ಲೇಷಣೆಯಲ್ಲಿ ಸರಾಸರಿ ಲಾಭ-ವೆಚ್ಚದ ಅನುಪಾತ 2.14 ಬಂತು (ಒಂದು ರೂಪಾಯಿ ಖರ್ಚಿಗೆ 2.14 ರೂಪಾಯಿ ಲಾಭ), ಆಂತರಿಕ ಆದಾಯ ದರ, ಅಂದರೆ ಹಾಕಿದ ದುಡ್ಡು ವರ್ಷಕ್ಕೆ ಬಡ್ಡಿಯ ಹಾಗೆ ತರುವ ಗಳಿಕೆ, ಶೇ. 22. ಒಳ್ಳೆಯ ಅಂಕಿ. ವರ್ಷಕ್ಕೆ 700ರಿಂದ 1,000 ಮಿಲಿಮೀಟರ್ ಮಳೆಯಾಗುವ ಕಡೆ ಫಲ ಹೆಚ್ಚು ಅನ್ನುವುದೂ ಅದರಲ್ಲಿದೆ. ಆದರೆ ಹೆಚ್ಚಿನ ಮೌಲ್ಯಮಾಪನಗಳು ಕೆಲಸ ಮುಗಿದ ಕೆಲವೇ ವರ್ಷಗಳಲ್ಲಿ, ಯೋಜನೆಯ ಗಡಿಯ ಒಳಗೆ ನಡೆಯುತ್ತವೆ. ಬದು ಇನ್ನೂ ಎತ್ತರವಾಗಿರುತ್ತದೆ, ಹೊಂಡ ಇನ್ನೂ ಆಳವಾಗಿರುತ್ತದೆ, ಕೆಳಗಿನ ಕೆರೆ ನಕ್ಷೆಯ ಹೊರಗಿರುತ್ತದೆ. ಇಳಿಜಾರು ಅವರೇ, 2.14ನ್ನು ನೇರವಾಗಿ ಎತ್ತಿ ನಿಮ್ಮ ವರದಿಗೆ ಹಾಕಬೇಡಿ.

ಎರೆ ಭೂಮಿ:

ಒಂದು ಪ್ರಶ್ನೆ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ಮಾಡಿದ ಬದುವನ್ನು ಯಾರೂ ತಮ್ಮದು ಅಂದುಕೊಳ್ಳುವುದಿಲ್ಲ. ಹಾಗಂತ ರೈತನೇ ಪೂರ್ತಿ ಹಾಕಬೇಕು ಅಂದರೆ ಕೆಲಸವೇ ಆಗುವುದಿಲ್ಲ. ಕಾನೂನು ಮಾಡಿ ಕಡ್ಡಾಯ ಮಾಡಿದರೆ?

ಹೂಳು:

ಕಡ್ಡಾಯ ಮಾಡಿ ನೋಡಿದ್ದಾಗಿದೆ. ಕೀನ್ಯಾದ ಮಚಾಕೋಸ್ ಪ್ರದೇಶ 1930ರ ದಶಕದಲ್ಲಿ ಕೊರಕಲು ಬಿದ್ದು ಹಾಳಾಗುತ್ತಿದೆ ಎಂದು ವಸಾಹತು ಸರ್ಕಾರ ಘೋಷಿಸಿ, ಮುಂದೆ ಜನರಿಂದ ಬಲವಂತವಾಗಿ ಮೆಟ್ಟಿಲು ಗದ್ದೆಗಳ ಕೆಲಸ ಮಾಡಿಸಿತು. ಜನ ಅದನ್ನು ದ್ವೇಷಿಸಿದರು. 1930ರ ದಶಕದ ಆರಂಭದಿಂದ 1990ರ ಹೊತ್ತಿಗೆ ಅಲ್ಲಿನ ಜನಸಂಖ್ಯೆ ಐದು ಪಟ್ಟಿಗೂ ಮಿಗಿಲಾಗಿ ಬೆಳೆಯಿತು, ಸವಕಳಿ ಮಾತ್ರ ಕಡಿಮೆಯಾಯಿತು. ನೈರೋಬಿ ಮಾರುಕಟ್ಟೆಗೆ ದಾರಿಯಾಯಿತು, ಕಾಫಿ, ಹಣ್ಣು, ತರಕಾರಿಗೆ ಬೆಲೆ ಸಿಕ್ಕಿತು, ಜಮೀನಿನ ಹಕ್ಕು ಗಟ್ಟಿಯಾಯಿತು. ಕಾಲುವೆ ತೋಡಿ ಮಣ್ಣನ್ನು ಮೇಲ್ಬದಿಗೆ ಎಸೆಯುವ ‘ಫಾನ್ಯಾ ಜೂ’ ಬದುಗಳನ್ನು ಜನರೇ, ಹೆಚ್ಚಾಗಿ ಹೆಂಗಸರ ಗುಂಪುಗಳು, ಮುಯ್ಯಾಳಿನ ಮೇಲೆ ಮಾಡಿಕೊಂಡರು. ಬಲವಂತಕ್ಕೆ ಬಗ್ಗದವರು ಬೆಳೆಗೆ ಬೆಲೆ ಸಿಕ್ಕಾಗ ಗುದ್ದಲಿ ಹಿಡಿದರು.

ದುಡ್ಡು ಕೊಟ್ಟು ಮಾಡಿಸುವುದಕ್ಕೂ ಮಿತಿಯಿದೆ. ಅಮೆರಿಕದಲ್ಲಿ 1930ರ ದಶಕದ ಧೂಳಿನ ಬಿರುಗಾಳಿಗಳ ನಂತರ ಮಣ್ಣು ವಿಜ್ಞಾನಿ ಹ್ಯೂ ಬೆನೆಟ್ ಒತ್ತಾಯಿಸಿ 1935ರಲ್ಲಿ ಮಣ್ಣು ಸಂರಕ್ಷಣಾ ಕಾಯ್ದೆ ತಂದರು. 1985ರಲ್ಲಿ ಸವಕಳಿಯ ಜಮೀನನ್ನು ಉಳದೆ ಹುಲ್ಲಿಗೆ ಬಿಟ್ಟರೆ 10-15 ವರ್ಷ ಬಾಡಿಗೆ ಕೊಡುವ ಯೋಜನೆ ಬಂತು. 2007ರಲ್ಲಿ ಅದರಡಿ 3.6 ಕೋಟಿ ಎಕರೆಗೂ ಹೆಚ್ಚು ಇತ್ತು. ಧಾನ್ಯದ ಬೆಲೆ ಏರಿತು, ಸರ್ಕಾರವೂ ಮಿತಿ ತಗ್ಗಿಸಿತು, ಕೋಟಿಗೂ ಹೆಚ್ಚು ಎಕರೆ ಯೋಜನೆಯಿಂದ ಹೊರಬಂತು, ಅದರಲ್ಲಿ ಬಹಳಷ್ಟು ಮತ್ತೆ ನೇಗಿಲಿಗೆ ಹೋಯಿತು. ಬಾಡಿಗೆಯ ದುಡ್ಡು ಮಣ್ಣನ್ನು ಕಾಯುವುದು, ಅದು ಬೆಳೆಯಿಂದ ಬರುವ ದುಡ್ಡಿಗೆ ಸಮ ಇರುವ ತನಕ ಮಾತ್ರ.

ಮಸಾರಿ ಹೊಲ:

ಹಾಗಾದರೆ ಪಾಲು ಹಾಕುವುದೇ ದಾರಿ. ತೇವದ ಲಾಭ ನನಗೆ, ಅದರ ಖರ್ಚು ನನ್ನದು. ಅಡ್ಡ ಉಳುಮೆ, ಬದುವಿನ ಮೇಲಿನ ಹುಲ್ಲು, ನನ್ನ ಹೊಲದ ಕೋಡಿ ಸರಿಮಾಡುವುದು ನಾನೇ ಮಾಡಬೇಕು. ಕೆರೆಗೆ ಹೋಗುವ ಹೂಳು ತಡೆಯುವ ಲಾಭ ಊರಿಗೆ, ಹಾಗಾಗಿ ಹಳ್ಳದ ಕೆಲಸದ ಖರ್ಚು ಸಾರ್ವಜನಿಕ. ಮಧ್ಯದಲ್ಲಿರುವ ಸಮಪಾತಳಿ ಬದುವಿಗೆ ಇಬ್ಬರೂ. ನನ್ನ ಪಾಲು ಕೂಲಿಯ ರೂಪದಲ್ಲಿರಲಿ, ಬಿತ್ತನೆಗೆ ಮುಂಚೆ ದುಡ್ಡು ಕೇಳಬೇಡಿ.

ಗೇಣಿ ಮಾಡುವವಳು:

ಗೇಣಿ ಹೊಲದಲ್ಲಿ ಆ ಕೂಲಿಯ ಪಾಲನ್ನು ಗೇಣಿಯಲ್ಲಿ ಕಳೆಯಬೇಕು. ಅದನ್ನು ಬರಹದಲ್ಲಿ ಹಾಕಿಸಿ.

ಇಳಿಜಾರು:

ಬಹಳ ಉಪಕಾರವಾಯಿತು. ಒಂದೇ ಲಾಭದ ಕಾಲಂ ತೆಗೆದುಹಾಕಿ ಮೂರು ಮಾಡುತ್ತಿದ್ದೇನೆ: ಉಳುವವರಿಗೆ, ಒಡೆಯರಿಗೆ, ಕೆಳಗಿನವರಿಗೆ. ಮೂರನೆಯದರಲ್ಲಿ ಹೂಳು ತಪ್ಪಿದ್ದು ಕೂಡುವ ಲೆಕ್ಕ, ನೀರು ಕಡಿಮೆಯಾದದ್ದು ಕಳೆಯುವ ಲೆಕ್ಕ. ಪ್ರತಿಯೊಂದನ್ನೂ ಶೇ. 5, 12, 24 ಮೂರೂ ದರದಲ್ಲಿ ತೋರಿಸುತ್ತೇನೆ. ತೆಳು ಮಣ್ಣು, ಆಳ ಮಣ್ಣು ಬೇರೆ ಬೇರೆ.

ನಿರ್ವಹಣೆಗೆ ವರ್ಷಕ್ಕೆ ಎಷ್ಟು ಇಡಬೇಕು ಅನ್ನುವುದು ಮಾತ್ರ ಉಳಿದಿದೆ. ನಮೂನೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಹೂಳು:

ಜಾಗ ಇಲ್ಲದಿದ್ದರೂ ಬರೆಯಿರಿ. ಶೇಕಡಾವಾರು ಊಹೆ ಬೇಡ. ಮೊದಲ ಎರಡು ದೊಡ್ಡ ಮಳೆಯ ನಂತರ ಒಡೆದ ಜಾಗಗಳನ್ನು ಮುಚ್ಚಲು ಎಷ್ಟು ಆಳು ಬೇಕು, ತಡೆ ಅಣೆಯ ಹಿಂದಿನ ಹೂಳು ಎಷ್ಟು ವರ್ಷಕ್ಕೊಮ್ಮೆ ತೆಗೆಯಬೇಕು, ಈ ಎರಡನ್ನು ಕೆಲಸದ ಅಳತೆಯಲ್ಲೇ ಹಾಕಿ. ತೆಗೆದ ಹೂಳು ಯಾರ ಹೊಲಕ್ಕೆ ಹೋಗುತ್ತದೆ ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಅದನ್ನು ಹೊತ್ತೊಯ್ಯುವವರೇ ತೆಗೆಯುವ ಖರ್ಚಿನ ಒಂದು ಪಾಲು ಕೊಡುತ್ತಾರೆ, ತೆಳು ಮಣ್ಣಿನವರು ಮೊದಲು ಕೇಳುತ್ತಾರೆ.

ಕೆಳಗಿನ ಕೆರೆ:

ನಿಮ್ಮ ಹಳ್ಳ ಸೇರುವ ಕೆರೆಯ ಹಿಂದಿನ ವರ್ಷಗಳ ನೀರಿನ ಮಟ್ಟ ಅಲ್ಲಿನವರು ಯಾರಾದರೂ ಬರೆದಿಟ್ಟಿದ್ದಾರಾ ಕೇಳಿ ನೋಡಿ. ಇಲ್ಲದಿದ್ದರೆ ಕೆಲಸ ಶುರುವಾಗುವ ಮುಂಚೆ ತೂಬಿನ ಕಲ್ಲಿಗೆ ಅಳತೆಯ ಗುರುತು ಹಾಕಿಸಿ. ಈ ಮಳೆಗಾಲ ಕಳೆದರೆ ಹೋಲಿಸುವುದಕ್ಕೆ ಏನೂ ಇರುವುದಿಲ್ಲ.